ಎರಡನೇ ಬೆಳೆಗೆ ನೀರಿಲ್ಲದ ವರ್ಷ, ಎರಡನೇ ಕೂಸಿನ ಲೆಕ್ಕ

ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಊರುಗಳಲ್ಲಿ ವರ್ಷದ ಮಾತೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲೋ? ಮಗನ ಲಗ್ನ, ಸೋರುವ ತಗಡು ಬದಲಿಸುವುದು, ಮಗಳನ್ನು ಬಾಣಂತನಕ್ಕೆ ಕರೆತರುವುದು, ಸಂಘದ ಸಾಲದ ಕಂತು, ಎಲ್ಲವೂ ಆ ಉತ್ತರಕ್ಕೆ ಕಾಯುತ್ತವೆ. 2023ರಲ್ಲಿ ಉತ್ತರ ‘ಇಲ್ಲ’ ಎಂದು ಬಂತು. ಆ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಮೊದಲು 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಕಡೆಗೆ 236ರಲ್ಲಿ 223 ತಾಲ್ಲೂಕು ಆ ಪಟ್ಟಿಗೆ ಸೇರಿದವು. ಮುಂಗಾರಿನ ಭತ್ತಕ್ಕೆ ಹೇಗೋ ನೀರು ಪಡೆದ ರೈತರು ಬೇಸಿಗೆ ಬೆಳೆಯ ಆಸೆಯನ್ನೇ ಬಿಟ್ಟರು.

ನಾನು ಬರೆಯುತ್ತಿರುವುದು ಗಂಗಾವತಿ–ಕಾರಟಗಿ ಕಡೆಯ ಒಂದು ಮನೆಯ ಬಗ್ಗೆ. ಗುರುತು ಸಿಗಬಾರದೆಂದು ಹೆಸರು ಬಿಟ್ಟಿದ್ದೇನೆ, ಇಂಥದೇ ಬೇರೆ ಮನೆಗಳ ಕೆಲವು ವಿವರಗಳನ್ನೂ ಇದಕ್ಕೆ ಸೇರಿಸಿದ್ದೇನೆ. ಮನೆಯಲ್ಲಿ ನಾಲ್ವರು: ಗಂಡ, ಹೆಂಡತಿ, ಅತ್ತೆ, 2022ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಗಳು. ಸ್ವಂತದ ಹೊಲ ಒಂದು ಎಕರೆ, ಅದೂ ನಾಲೆಯ ಕೊನೆಯಲ್ಲಿ. ಉಳಿದ ನಾಲ್ಕು ಎಕರೆ ಲಾವಣಿ, ಅಂದರೆ ಗುತ್ತಿಗೆಗೆ ಹಿಡಿದದ್ದು. ಬೆಳೆ ಬರಲಿ ಬಿಡಲಿ, ಹೊಲದ ಯಜಮಾನನಿಗೆ ಮಾತಾದಷ್ಟು ಕೊಡಲೇಬೇಕು. ಗೊಬ್ಬರದಂಗಡಿಯ ಉದ್ರಿ, ಅಡತಿ ಅಂಗಡಿಯ ಮುಂಗಡ, ಹೆಂಡತಿಯ ಹೆಸರಿನಲ್ಲಿ ವಾರದ ಕಂತಿನ ಸಾಲ, ಎಲ್ಲ ಸೇರಿ 2023ರ ದೀಪಾವಳಿಯ ಹೊತ್ತಿಗೆ ಎರಡೂವರೆ ಲಕ್ಷ ದಾಟಿತ್ತು.

ಆ ಮನೆಯಲ್ಲಿ ಆಗ ಎದ್ದಿದ್ದ ಜಗಳ ಮಾತ್ರ ಸಾಲದ್ದಲ್ಲ. ಅತ್ತೆಗೆ ಎರಡನೇ ಕೂಸು ಬೇಕಿತ್ತು, ಬೇಗ ಬೇಕಿತ್ತು, ಗಂಡಾದರೆ ಚಲೋ ಎಂಬುದನ್ನು ಆಕೆ ಮುಚ್ಚಿಯೂ ಇಟ್ಟಿರಲಿಲ್ಲ. ಮಗನಿಗೆ ಈ ಸಾಲ ತೀರುವವರೆಗೆ ಯಾವ ಮಾತೂ ಬೇಡವಾಗಿತ್ತು. ಮಗಳ ಜವಳ ತೆಗೆಸುವುದನ್ನೂ ಮುಂದೂಡಿದ್ದ. ಸೊಸೆ ಇಬ್ಬರ ನಡುವೆ ಇದ್ದಳು. ಅವಳಿಗೆ ಇನ್ನೊಂದು ಮಗು ಬೇಕು, ಆದರೆ ಎದೆಹಾಲು ಬಿಡಿಸುವ ಮೊದಲೇ ಬೇಡ. ಜವಳವೂ ಬೇಕು, ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿಯೇ ತೆಗೆಸಬೇಕು. ‘ಸಾಲ ತೀರಿದ ಮ್ಯಾಲೆ ನಗೂದು ಅಂದ್ರ ಈ ಜನ್ಮದಾಗ ನಗಾಕ ಆಗಂಗಿಲ್ರಿ ಅಕ್ಕಾರ’ ಎಂದಳು. ಹೊಲದ ಕೆಲಸ ಇಲ್ಲದ ಮಧ್ಯಾಹ್ನಗಳಲ್ಲಿ ಮಾತಾಡಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು.

ಒಂದು ಸಂಗತಿ ಗಂಡನಿಗೆ ನೆನಪಿಸಬೇಕಾಯಿತು. ಇವರ ಲಗ್ನ ಆದದ್ದು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯ ಲಾಕ್‌ಡೌನ್ ನಡುವೆ, ಮನೆಯ ಮುಂದೆ ಹಂದರ ಹಾಕಿ, ಎಣಿಸಿ ಕರೆದ ಮಂದಿಯ ಎದುರು. ಆಗಲೂ ಮುಂದಿನ ವರ್ಷ ಮಾಡೋಣ ಎಂದವರಿದ್ದರು. ಇವನೇ ಹಟ ಹಿಡಿದು ಮಾಡಿಸಿಕೊಂಡದ್ದು. ಅದನ್ನು ಹೆಂಡತಿ ಎತ್ತಿದಾಗ ಅವನು ತಲೆ ಕೆರೆದುಕೊಂಡು, ‘ಚಲೋ ಕಾಲ ಬರ್ಲಿ ಅಂತ ಕುಂತಿದ್ರ ನಮ್ಮ ಲಗ್ನಾನೂ ಆಗ್ತಿರ್ಲಿಲ್ಲ ಬಿಡು’ ಎಂದ. ಈ ಪ್ರಕರಣದಲ್ಲಿ ದಾರಿ ತೆರೆದದ್ದು ಈ ಮಾತಿನಿಂದ. ನನ್ನ ಸಲಹೆಯಿಂದ ಎಂದು ಹೇಳಿಕೊಳ್ಳಲು ಇಷ್ಟವಿದ್ದರೂ ಅದು ನಿಜವಲ್ಲ.

ಸಾಲದ ಪುಸ್ತಕದಲ್ಲಿ ಜವಳ

ಗಂಡನ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾರಿಗೆ ಎಷ್ಟು, ಯಾವಾಗ ಎಂದು ಬರೆದಿಟ್ಟಿದ್ದ. ಅದರಲ್ಲಿ ಹಬ್ಬಕ್ಕೆ, ಮಗುವಿಗೆ, ಹೆಂಡತಿಗೆ ಎಂದು ಒಂದು ಸಾಲೂ ಇರಲಿಲ್ಲ. ಖರ್ಚು ಇರಲಿಲ್ಲ ಎಂದಲ್ಲ, ಬರೆಯುತ್ತಿರಲಿಲ್ಲ, ಅಷ್ಟೇ. ಬರೆಯದ ಖರ್ಚು ಬಂದಾಗೆಲ್ಲ ಕೈಸಾಲವಾಗುತ್ತಿತ್ತು, ಕೈಸಾಲವಾದಾಗೆಲ್ಲ ಜಗಳ.

ಕಷ್ಟದ ಕಾಲದಲ್ಲಿ ನಮ್ಮ ಮನೆಗಳು ಎರಡರಲ್ಲೊಂದು ಮಾಡುತ್ತವೆ. ಒಂದೋ ಸಂತೋಷದ ಕೆಲಸಗಳನ್ನೆಲ್ಲ ನಿಲ್ಲಿಸಿ ಮುಖ ಗಂಟಿಕ್ಕಿಕೊಂಡು ಕೂರುತ್ತವೆ, ಇಲ್ಲವೇ ಮಂದಿ ಏನಂದಾರು ಎಂದು ಬಡ್ಡಿಗೆ ತಂದು ಊರಿಗೆ ಊಟ ಹಾಕುತ್ತವೆ. ಮೊದಲನೆಯದು ಉಳಿಸುವ ಹಣ ಬಹಳ ಕಮ್ಮಿ. ಎರಡನೆಯದು ಮನೆ ಮುಳುಗಿಸುತ್ತದೆ. ಇವರು ಮಾಡಿದ್ದೇನೆಂದರೆ ಅದೇ ಸಾಲದ ಪುಸ್ತಕದಲ್ಲಿ ಗೊಬ್ಬರದಂಗಡಿಯ ಕೆಳಗೆ ‘ಜವಳ, ಹುಲಿಗಿ’ ಎಂದು ಬರೆದರು, ಮುಂದೆ ಒಂದು ತಿಂಗಳು ಬರೆದರು, ಮೂರು ಸಾವಿರ ಮೀರಬಾರದು ಎಂದು ಗೆರೆ ಎಳೆದರು.

ಮೂರು ಸಾವಿರದಲ್ಲಿ ಆಗುತ್ತದೆಯೇ ಎಂದು ಅತ್ತೆ ಮೂಗು ಮುರಿದರು. ಆಯಿತು. ಹುಲಿಗೆಮ್ಮನ ಗುಡಿ ತುಂಗಭದ್ರಾ ಅಣೆಕಟ್ಟೆಯ ಮಗ್ಗುಲಲ್ಲೇ, ಮುನಿರಾಬಾದ್ ಹತ್ತಿರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದ್ದರಿಂದ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ. ಹುಣ್ಣಿಮೆಯ ಗದ್ದಲ ಬಿಟ್ಟು ಸಾದಾ ದಿನ ಹೋದರು. ಸೋದರಮಾವನ ತೊಡೆಯ ಮೇಲೆ ಕೂಸು ಕೂತಿತು, ಕೂದಲು ತೆಗೆಯುವಾಗ ಅತ್ತಿತು, ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನವನ್ನು ಹೊಳೆಯ ದಂಡೆಗೆ ಕೂತು ಉಂಡು ಬಂದರು. ಅತ್ತೆ ತಮ್ಮ ಗೃಹಲಕ್ಷ್ಮಿ ದುಡ್ಡಿನಲ್ಲಿ ಮೊಮ್ಮಗಳಿಗೆ ಕಾಲ್ಗೆಜ್ಜೆ ಕೊಡಿಸಿದ್ದನ್ನು ಪುಸ್ತಕದಲ್ಲಿ ಬರೆಯಲು ಬಿಡಲಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಮನೆಯ ಯಜಮಾನಿಯ ಖಾತೆಗೆ ಬೀಳುವುದು, ಇಲ್ಲಿ ಯಜಮಾನಿ ಅತ್ತೆ. ಸೊಸೆಗೆ ಅದರ ಮೇಲೆ ಸಿಟ್ಟಿತ್ತು. ಗೆಜ್ಜೆ ಬಂದ ಮೇಲೆ ಸಿಟ್ಟು ಪೂರ್ತಿ ಹೋಗದಿದ್ದರೂ ಮಾತು ಹದವಾಯಿತು.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬಂತು. ದಾಸೋಹಕ್ಕೆ ಸುತ್ತಲ ಊರುಗಳಿಂದ ರೊಟ್ಟಿ ಹೋಗುವುದು ಇಲ್ಲಿನ ಪದ್ಧತಿ. ಬರ ಬಿತ್ತೆಂದು ಅದೇನೂ ನಿಲ್ಲುವುದಿಲ್ಲ. ಓಣಿಯ ಹೆಂಗಸರು ಸಾಲಾಗಿ ಒಲೆ ಹೂಡಿ ಜೋಳದ ರೊಟ್ಟಿ ಬಡಿದರು. ಸೊಸೆ ಆ ವರ್ಷ ಬಾಯಿತುಂಬ ನಕ್ಕದ್ದು ಅಲ್ಲೇ ಇರಬೇಕು. ಅದಕ್ಕೆ ಪುಸ್ತಕದಲ್ಲಿ ಬರೆಯುವಂಥ ಖರ್ಚೇ ಇರಲಿಲ್ಲ: ಒಂದಿಷ್ಟು ಹಿಟ್ಟು, ಒಂದಿಡೀ ಹಗಲು. ಜಾತ್ರೆ ಮುಗಿದ ಮರುವಾರ ಗಂಡ ಬೆಂಗಳೂರಿಗೆ ಗುಳೆ ಹೊರಟ.

ಹಬ್ಬಕ್ಕೆ ಬರುವ ಗಂಡ

ಅವನೊಬ್ಬನೇ ಹೋಗುವುದೆಂದು ಮೊದಲೇ ತೀರ್ಮಾನವಾಗಿತ್ತು. ವರ್ಷದ ಕೂಸನ್ನು ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಮಲಗಿಸುವುದಕ್ಕೆ ಸೊಸೆ ಒಪ್ಪಲಿಲ್ಲ. ಈ ಒಂದು ವಿಷಯದಲ್ಲಿ ಅತ್ತೆಯೂ ಅವಳ ಕಡೆ. ಊರಲ್ಲಿ ಉದ್ಯೋಗ ಖಾತ್ರಿ ಕೆಲಸವಿತ್ತು, ಕೂಲಿ ಆಗ ದಿನಕ್ಕೆ 316 ರೂಪಾಯಿ, 2024ರ ಏಪ್ರಿಲ್‌ನಿಂದ 349. ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಶುರುವಾಗಿತ್ತು. ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ಸರ್ಕಾರ ಮಾಡಿದ ವ್ಯವಸ್ಥೆ ಅದು. ಬೇರೆ ಬೇರೆ ಊರುಗಳಲ್ಲಿ ಅದು ಬೇರೆ ಬೇರೆ ಥರ ನಡೆಯುತ್ತದೆ. ಇಲ್ಲಿ ಅತ್ತೆಗೆ ಪರಿಚಯದ ಹೆಂಗಸೇ ನೋಡಿಕೊಳ್ಳುತ್ತಿದ್ದಳು, ಹಾಗಾಗಿ ನಡೆಯಿತು.

ಇನ್ನು ಕೂಸಿನ ಅಂತರದ ಮಾತು. ಗಂಡ ಊರಲ್ಲಿಲ್ಲ, ಮತ್ತೆ ಇದೆಲ್ಲ ಯಾಕೆ ಎಂದು ಬಹಳ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಗುಳೆ ಹೋದ ಮನೆಗಳಲ್ಲಿ ಬೇಡದ ಬಸಿರು ನಿಲ್ಲುವುದು ಆಗಲೇ. ಯುಗಾದಿಗೆ ಬರುತ್ತಾನೆ, ನಾಲ್ಕು ದಿನ ಇರುತ್ತಾನೆ, ಯಾರೂ ಏನೂ ಯೋಚಿಸಿರುವುದಿಲ್ಲ. ‘ಎದೆಹಾಲು ಕುಡಿಸ್ತೀನಲ್ರಿ, ನಿಲ್ಲಂಗಿಲ್ಲ’ ಎಂಬ ನಂಬಿಕೆ ಬೇರೆ. ಮಗುವಿಗೆ ಆರು ತಿಂಗಳಾಗುವವರೆಗೆ, ಬರೀ ಎದೆಹಾಲೇ ಆಹಾರವಾಗಿದ್ದು, ಮುಟ್ಟು ಇನ್ನೂ ಮರಳಿರದಿದ್ದರೆ ಮಾತ್ರ ಆ ಮಾತಿಗೆ ಬಲ. ಇವಳ ಕೂಸಿಗೆ ವರ್ಷ ತುಂಬಿತ್ತು, ಗಂಜಿ ರೊಟ್ಟಿ ಎರಡೂ ತಿನ್ನುತ್ತಿತ್ತು.

ಹೆರಿಗೆಯಾದಾಗಲೇ ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕುವ ಮಾತು ಬಂದಿತ್ತಂತೆ, ಹೆದರಿ ಬೇಡ ಎಂದಿದ್ದಳು. ವಾರದ ಮಾತ್ರೆ ‘ಛಾಯಾ’ ತೋರಿಸಿದಾಗ, ಮರೆತುಬಿಡುತ್ತೇನೆ ಎಂದಳು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ಎಂಬ ಲೆಕ್ಕ ಕೇಳಿಯೇ ಸುಸ್ತಾದಳು. ನಿರೋಧ್ ಗಂಡನ ಕೈಯಲ್ಲಿರುವ ವಿಷಯ, ಅದನ್ನು ನಂಬಿ ಕೂರಲು ಅವಳಿಗೆ ಧೈರ್ಯವಿರಲಿಲ್ಲ. ಕೊನೆಗೆ ‘ಅಂತರಾ’ ಚುಚ್ಚುಮದ್ದು ಆರಿಸಿಕೊಂಡಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಮೂರು ತಿಂಗಳಿಗೊಮ್ಮೆ. ತಾರೀಖಿಗಿಂತ ಎರಡು ವಾರ ಮೊದಲೂ ಹಾಕಿಸಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಮನೆಯಲ್ಲಿ ಯಾರಿಗೂ ಕಾಣುವಂಥದ್ದಲ್ಲ ಎಂಬುದೂ ಅವಳಿಗೆ ಮುಖ್ಯವಾಗಿತ್ತು. ಆದರೆ ಗಂಡನಿಗೆ ಹೇಳಿಯೇ ಹಾಕಿಸಿಕೊಂಡಳು. ಅತ್ತೆಗೆ ಹೇಳಲಿಲ್ಲ.

ಎರಡನೇ ಸೂಜಿಯ ಮುಂಚೆ ಮುಟ್ಟು ನಿಂತಿತು. ಆಗ ಅತ್ತೆಗೆ ತಿಳಿಯಿತು. ಮೊದಲು ಬಸಿರೆಂದು ಖುಷಿ, ನಿಜ ತಿಳಿದ ಮೇಲೆ ದೊಡ್ಡ ಗಲಾಟೆ. ಕೆಟ್ಟ ರಕ್ತ ಒಳಗೆ ನಿಂತು ಗಡ್ಡೆಯಾಗುತ್ತದೆ, ಇನ್ನು ಮಕ್ಕಳೇ ಆಗುವುದಿಲ್ಲ ಎಂದು ಓಣಿಯೆಲ್ಲ ಮಾತು. ಇಲ್ಲಿ ಆಶಾ ಅಕ್ಕ, ಅಂದರೆ ಊರಿನ ಆಶಾ ಕಾರ್ಯಕರ್ತೆ, ಮಾಡಿದ ಕೆಲಸ ದೊಡ್ಡದು. ಸೊಸೆಯನ್ನು ಬಿಟ್ಟು ಅತ್ತೆಯ ಹತ್ತಿರ ಕೂತಳು. ಈ ಔಷಧಿಯಿಂದ ಗರ್ಭಕೋಶದ ಒಳಪದರ ಬೆಳೆಯುವುದೇ ಕಮ್ಮಿ, ಕಟ್ಟಿಕೊಳ್ಳದ್ದು ಹರಿಯುವುದಾದರೂ ಹೇಗೆ, ಒಳಗೆ ಏನೂ ಕೂಡಿಬಿದ್ದಿಲ್ಲ ಎಂದು ಬಿಡಿಸಿ ಹೇಳಿದಳು. ಜತೆಗೇ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದಳು: ಸೂಜಿ ಬಿಟ್ಟ ಕೂಡಲೇ ಬಸಿರು ನಿಲ್ಲುವುದಿಲ್ಲ, ಕೊನೆಯ ಸೂಜಿಯಿಂದ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ಜಗಳ ಅಲ್ಲಿಂದ ‘ಬೇಕು–ಬೇಡ’ ಬಿಟ್ಟು ‘ಯಾವಾಗ’ ಎಂಬಲ್ಲಿಗೆ ಬಂತು. ಹೊಲಮನೆಯ ಜನಕ್ಕೆ ‘ಯಾವಾಗ’ ಎಂಬ ಪ್ರಶ್ನೆ ಸಲೀಸು. ಸಸಿ ಮಡಿ ಯಾವಾಗ ಹಾಕಿದರೆ ನಾಟಿ ಯಾವಾಗ, ಕೊಯ್ಲು ಯಾವಾಗ ಎಂಬ ಲೆಕ್ಕವನ್ನು ಹುಟ್ಟಿನಿಂದ ಹಾಕಿದವರು ಅವರು.

ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಆಪರೇಷನ್ ಎಂದೇ ಅರ್ಥವಾಗಿ ಹೋಗಿರುವುದಕ್ಕೆ ಈ ‘ಯಾವಾಗ’ ಎಂಬ ಪ್ರಶ್ನೆಯನ್ನು ಕೇಳದಿರುವುದೇ ಕಾರಣ ಎಂದು ನನ್ನ ಅನಿಸಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಬರುವುದಿಲ್ಲ. ರಾಜ್ಯದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಮಕ್ಕಳು 1.7, ಅಂದರೆ ಎಷ್ಟು ಮಕ್ಕಳು ಎಂಬ ಪ್ರಶ್ನೆ ಬಹುಪಾಲು ಮುಗಿದಿದೆ. ಯಾವಾಗ, ಎಷ್ಟು ಅಂತರದಲ್ಲಿ, ಯಾವ ಮನಸ್ಥಿತಿಯಲ್ಲಿ ಎಂಬುದನ್ನು ಕೇಳುವವರು ಕಮ್ಮಿ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು ಎಂದು ನಾವು ಹೆಮ್ಮೆಪಡುತ್ತೇವೆ, ಸರಿಯೇ. ಕೊಪ್ಪಳ ಆಗ ಹೈದರಾಬಾದ್ ನಿಜಾಮನ ಸೀಮೆಯಲ್ಲಿತ್ತು ಎಂಬುದನ್ನೂ ನೆನೆಯಬೇಕು.

ಗಂಡನ ಬೆಂಗಳೂರು ಅಷ್ಟೇನೂ ಫಲ ಕೊಡಲಿಲ್ಲ. ಮಾರ್ಚ್ ಹೊತ್ತಿಗೆ ಅಲ್ಲೂ ನೀರಿಗೆ ಹಾಹಾಕಾರ, ಬೋರ್‌ವೆಲ್ ಬತ್ತಿ ಎಷ್ಟೋ ಕಡೆ ಕಟ್ಟಡದ ಕೆಲಸ ಕುಂಟಿತು. ಏಪ್ರಿಲ್ 9ರ ಯುಗಾದಿಗೆ ಬಂದವನು ಮತ್ತೆ ಹೋಗಿ, ಮುಂಗಾರಿಗೆ ಊರು ಸೇರಿದ.

ಹತ್ತೊಂಬತ್ತನೇ ಗೇಟು

ಈ ಪ್ರಕರಣದಲ್ಲಿ ನಿಜವಾದ ಪರೀಕ್ಷೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಮಳೆ ಚಲೋ ಆಗಿ ಅಣೆಕಟ್ಟೆ ತುಂಬಿತ್ತು, ನಾಟಿ ಮುಗಿಯುತ್ತ ಬಂದಿತ್ತು. ಮನೆಯವರು ಕೂತು ಒಂದು ಲೆಕ್ಕಕ್ಕೆ ಬಂದಿದ್ದರು: ಸೆಪ್ಟೆಂಬರ್‌ನ ಸೂಜಿಯೇ ಕೊನೆಯದು. ಅದರ ಕಾವಲು ಡಿಸೆಂಬರ್‌ವರೆಗೆ. ಆಮೇಲೆ ಮೈ ತಿರುಗಿಕೊಳ್ಳಲು ಹಿಡಿಯುವ ತಿಂಗಳು ಸೇರಿಸಿದರೆ ಬಸಿರು 2025ರ ಬೇಸಿಗೆಯ ಕೊನೆಗೆ. ಅಷ್ಟರಲ್ಲಿ ಎರಡು ಬೆಳೆ ಕೈಗೆ ಬಂದಿರುತ್ತವೆ, ಮಗಳಿಗೆ ಎರಡೂವರೆ ದಾಟಿರುತ್ತದೆ. ಒಂದು ಹೆರಿಗೆಯಾಗಿ ಇನ್ನೊಂದು ಬಸಿರಿಗೆ ಕನಿಷ್ಠ ಎರಡು ವರ್ಷವಿರಲಿ ಎಂಬ ವೈದ್ಯರ ಮಾತೂ ಉಳಿಯುತ್ತದೆ.

ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದವನ್ನೂ ತೆಗೆದು ನೀರು ಬಿಡಬೇಕಾಯಿತು. ನಾಟಿ ಮಾಡಿದ ಗದ್ದೆಯಲ್ಲಿ ನಿಂತು ಜನ ಫೋನಿನಲ್ಲಿ ಆ ನೀರು ನೋಡುತ್ತಿದ್ದರು. ಸಾಲ ತಂದು ನೆಟ್ಟ ಪೈರು, ಹೊಳೆಗೆ ಹರಿದು ಹೋಗುತ್ತಿರುವ ಅದರ ನೀರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲು ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ತಡೆ) ಇಳಿಸಿ ಒಂದು ವಾರದಲ್ಲಿ ಕಿಂಡಿ ಮುಚ್ಚಿದರು. ಮೇಲೆ ಮಲೆನಾಡಿನಲ್ಲಿ ಮತ್ತೆ ಮಳೆಯಾಗಿ ಅಣೆಕಟ್ಟೆ ಚೇತರಿಸಿಕೊಂಡಿತು. ಆದರೆ ಆ ವಾರ ಯಾರಿಗೂ ಅದು ಗೊತ್ತಿರಲಿಲ್ಲ.

ಗಂಡ ಆ ವಾರವೇ ಹೆಂಡತಿಗೆ, ಇನ್ನೊಂದು ವರ್ಷ ಸೂಜಿ ಮುಂದುವರಿಸು ಎಂದ. ಅತ್ತೆ, ಇನ್ನು ಕಾಯುವುದೇ ಬೇಡ ಎಂದರು. ಸೊಸೆಯ ಉತ್ತರ ನನಗೆ ಈ ಇಡೀ ಪ್ರಕರಣದಲ್ಲಿ ಬಹಳ ಹಿಡಿಸಿದ್ದು. ಸೆಪ್ಟೆಂಬರ್ ಸೂಜಿ ಹಾಕಿಸಿಕೊಳ್ಳುತ್ತೇನೆ, ಅದು ಮೊದಲೇ ಆದ ಮಾತು. ಡಿಸೆಂಬರ್‌ನದನ್ನು ಹಾಕಿಸಿಕೊಳ್ಳುವುದಿಲ್ಲ, ಅದೂ ಮೊದಲೇ ಆದ ಮಾತು. ಅಷ್ಟರಲ್ಲಿ ಈ ಬೆಳೆ ಏನಾಯಿತೆಂದು ಗೊತ್ತಾಗುತ್ತದೆ. ಅಕಸ್ಮಾತ್ ಪೂರ್ತಿ ಕೆಟ್ಟರೆ ನೀನು ನಿರೋಧ್ ತಾ, ನಿನ್ನ ಮೇಲೂ ಸ್ವಲ್ಪ ಭಾರ ಬೀಳಲಿ. ‘ಡ್ಯಾಮಿನ ಗೇಟಿಗೂ ನನ್ನ ಹೊಟ್ಟಿಗೂ ಗಂಟ್ ಹಾಕಬ್ಯಾಡ್ರಿ’ ಎಂದಳಂತೆ.

ಇದರಲ್ಲಿ ಹಟಕ್ಕಿಂತ ಲೆಕ್ಕ ಹೆಚ್ಚು. ಸೂಜಿ ಮುಂದುವರಿಸಿದರೆ ಆಮೇಲೆ ಮನಸ್ಸು ಬದಲಾದರೂ ಏಳೆಂಟು ತಿಂಗಳು ಕಾಯಲೇಬೇಕು. ನಿಲ್ಲಿಸಿದರೆ, ಬೇಡವೆನಿಸಿದ ದಿನ ಬೇರೆ ದಾರಿ ಇದ್ದೇ ಇದೆ. ಕಾಲ ಕೆಟ್ಟಾಗ ತಿರುಗಿ ಬರಬಹುದಾದ ದಾರಿಯನ್ನು ಹಿಡಿಯುವುದು ಜಾಣತನ. ಹೆದರಿದ ವಾರದಲ್ಲಿ ದೊಡ್ಡ ನಿರ್ಧಾರ ಬದಲಿಸದಿರುವುದೂ ಅಷ್ಟೇ.

ಆ ವರ್ಷ ಎರಡು ಬೆಳೆಗೂ ನೀರು ಸಿಕ್ಕಿತು. ಸಾಲ ಪೂರ್ತಿ ತೀರಲಿಲ್ಲ. ಗೊಬ್ಬರದಂಗಡಿ ಚುಕ್ತಾ ಆಯಿತು, ಸಂಘದ್ದು ಅರ್ಧ ಉಳಿಯಿತು. ಪುಸ್ತಕದಲ್ಲಿ ಆ ವರ್ಷದ ಸಾಲುಗಳಲ್ಲಿ ಮಗಳ ಹುಟ್ಟುಹಬ್ಬಕ್ಕೆ ಬೇಕರಿ ಕೇಕು, ಹೆಂಡತಿಗೆ ದೀಪಾವಳಿಯ ಸೀರೆ, ಅತ್ತೆಯ ಕಣ್ಣಿನ ಪೊರೆ ತೆಗೆಸಲು ಹೋಗಿಬರುವ ಖರ್ಚು ಇವೆ. ಗಂಡ ತನಗೆಂದು ಏನೂ ಬರೆದುಕೊಂಡಿರಲಿಲ್ಲ. ಹೆಂಡತಿ ಕೆಳಗೆ ‘ಕಬಡ್ಡಿ ನೋಡಾಕ ಸಿಂಧನೂರು, 300’ ಎಂದು ಸೇರಿಸಿದ್ದಳು.

ಈಗಿನ ಸ್ಥಿತಿ

2025ರ ಜೂನ್‌ನಲ್ಲಿ ಬಸಿರು ನಿಂತಿತು, ತಾಯಿ ಕಾರ್ಡ್ ಆಯಿತು. ರಕ್ತ ಕಡಿಮೆ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು; ಅಂಗನವಾಡಿಯ ಮಧ್ಯಾಹ್ನದ ಊಟಕ್ಕೆ ಮಗಳ ಕೈ ಹಿಡಿದು ಹೋಗುತ್ತಿದ್ದಳು. ವರ್ಷದ ಕೊನೆಗೆ ಮತ್ತೆ ಅದೇ ಸುದ್ದಿ: ಅಣೆಕಟ್ಟೆಯ ಹಳೆಯ ಗೇಟುಗಳನ್ನು ಬದಲಿಸಬೇಕಾದ್ದರಿಂದ ಎರಡನೇ ಬೆಳೆಗೆ ನೀರಿಲ್ಲ. ಗೇಟು ಬದಲಿಸಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಲಾವಣಿ ಮಾಡುವವನಿಗೆ ಮಾತ್ರ ಬರಗಾಲದ ‘ಇಲ್ಲ’ಕ್ಕೂ ದುರಸ್ತಿಯ ‘ಇಲ್ಲ’ಕ್ಕೂ ವ್ಯತ್ಯಾಸವಿಲ್ಲ. ಪರಿಹಾರ ಬಂದರೂ ಅದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುವುದೇ ರೂಢಿ.

ಈ ಸಲ ಗಂಡ ಬೆಂಗಳೂರಿಗೆ ಹೋಗಲಿಲ್ಲ. ತೋರಣಗಲ್ ಕಡೆ ಗುತ್ತಿಗೆ ಕೆಲಸ ಹಿಡಿದ, ವಾರಕ್ಕೊಮ್ಮೆ ಮನೆಗೆ ಬರುವಂತೆ. ಕೂಲಿ ಬೆಂಗಳೂರಿಗಿಂತ ಕಮ್ಮಿ. ಹೆರಿಗೆಯ ತಿಂಗಳು ಹತ್ತಿರವಿರುವಾಗ ದೂರ ಇರುವುದಿಲ್ಲ ಎಂದು 2024ರಲ್ಲೇ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದರು.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ತವರಿನಿಂದ ಬಂದ ಬುತ್ತಿಯಲ್ಲಿ ಕರ್ಚಿಕಾಯಿ, ಹೋಳಿಗೆ, ಎಣ್ಣೆಗಾಯಿ, ಚಿತ್ರಾನ್ನ. ಕರೆದದ್ದು ಓಣಿಯ ಮುತ್ತೈದೆಯರನ್ನು ಮಾತ್ರ. ಊರೂಟ ಹಾಕದ್ದಕ್ಕೆ ಅತ್ತೆಯ ಅಣ್ಣನ ಮನೆಯವರು ಮುನಿಸಿಕೊಂಡಿದ್ದಾರೆ, ಇನ್ನೂ ಮಾತಾಡಿಸುತ್ತಿಲ್ಲ. ಹಾಡು ಹೇಳಿದ್ದು ಅತ್ತೆಯೇ. ಹಾಡಿನಲ್ಲಿ ಬರುವ ‘ಗಂಡು ಕಂದ’ ಎಂಬಲ್ಲಿ ಸೊಸೆಯ ಮುಖ ನೋಡಿ ‘ಮುದ್ದು ಕಂದ’ ಎಂದು ತಿರುಗಿಸಿದರಂತೆ. ಇದನ್ನು ಗೆಲುವು ಎನ್ನಲು ನಾನು ತಯಾರಿಲ್ಲ, ಎರಡನೆಯದೂ ಹೆಣ್ಣಾದರೆ ಆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಆಮೇಲೇ ನೋಡಬೇಕು. ಗಂಡ ಹೆಂಡತಿ ಮಾತ್ರ, ಹೆಣ್ಣೋ ಗಂಡೋ ಎರಡಕ್ಕೇ ಸಾಕು ಎಂದು ಆಶಾ ಅಕ್ಕನ ಎದುರೇ ಹೇಳಿದ್ದಾರೆ.

ಸಾಕು ಎಂದ ಮೇಲೆ ಆಪರೇಷನ್ ಯಾರಿಗೆ ಎಂಬ ಪ್ರಶ್ನೆ ಈಗ ನಡೆಯುತ್ತಿದೆ. ಗಂಡಸರದು ಸಣ್ಣ ಕೆಲಸ, ಹೊಲಿಗೆಯೂ ಇಲ್ಲ, ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳು ಬೇರೆ ರಕ್ಷಣೆ ಇಟ್ಟುಕೊಂಡು ಆಮೇಲೆ ಪರೀಕ್ಷೆ ಮಾಡಿಸಬೇಕು, ಅಷ್ಟೇ ಎಂದು ವೈದ್ಯರು ಹೇಳಿದ್ದಾರೆ. ಗಂಡನಿಗೆ ಸೊಂಟದ ಬಲ ಹೋಗಿ ಚೀಲ ಎತ್ತಲಾಗದು ಎಂಬ ಭಯ ಬಿಟ್ಟಿಲ್ಲ. ಅವನ ಜತೆಗಾರರು ನಗುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದಿರಬೇಕು. ಹೆಂಡತಿ ಅವನಿಗಾಗಿ ಕಾದು ಕೂತಿಲ್ಲ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕಿಸಿಕೊಳ್ಳುತ್ತೇನೆ ಎಂದು ಈ ಸಲ ಅವಳೇ ಮೊದಲೇ ಹೇಳಿ ಬರೆಸಿದ್ದಾಳೆ. ಹತ್ತು ವರ್ಷ ಬಾಳುವಂಥದ್ದು ಅದು. ‘ಅಷ್ಟರಾಗ ಇವರ ವಿಚಾರ ಮುಗೀಬಹುದು’ ಎನ್ನುತ್ತಾಳೆ.